ಜೆಪ್ಪುವಿನ ಹಂಚು, ಬಲ್ಮಠದ ನಿಘಂಟು

ಬೆಂಗಳೂರಿನ ಎಂಜಿ ರೋಡಿನಲ್ಲಿ ಒಬ್ಬ ಬಿಳಿಯರ ಪ್ರತಿಮೆ ಇದೆ. ದಿನಾ ಅದರ ಪಕ್ಕದಲ್ಲೇ ಕ್ಯಾಬಿನಲ್ಲಿ ಹೋಗುವವರಿಗೂ ಅದು ಯಾರದ್ದು ಅಂತ ಗೊತ್ತಿರುವುದಿಲ್ಲ. ಕೈಯಲ್ಲಿ ಪುಸ್ತಕ, ಮುಖದ ಮೇಲೆ ಗಡ್ಡ. ನೂರಾರು ವರ್ಷ ಆಳಿದ ಬ್ರಿಟಿಷರ ಹೆಸರುಗಳನ್ನು ನಾವು ರಸ್ತೆಗಳಿಂದ ಒಂದೊಂದಾಗಿ ಕಿತ್ತು ಹಾಕಿದೆವು. ಆದರೆ ಈ ಮನುಷ್ಯನ ಪ್ರತಿಮೆಯನ್ನು ಸ್ವತಂತ್ರ ಭಾರತದಲ್ಲಿ, ಕನ್ನಡಿಗರೇ ಮುಂದೆ ನಿಂತು ಹೊಸದಾಗಿ ನಿಲ್ಲಿಸಿದರು. ಹೆಸರು ಫರ್ಡಿನಾಂಡ್ ಕಿಟ್ಟೆಲ್. ಹುಟ್ಟಿದ್ದು 1832ರಲ್ಲಿ, ಈಗಿನ ಜರ್ಮನಿಯ ಉತ್ತರ ತುದಿಯ ಪೂರ್ವ ಫ್ರೀಸಿಯಾ ಎಂಬ ಸೀಮೆಯ ಒಂದು ಹಳ್ಳಿಯಲ್ಲಿ. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ, ನಮ್ಮ ಮಂಗಳೂರಿನಲ್ಲಿ.

ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ 'ಸಾಫ್ಟ್ ಪವರ್' ಅಂತ ಒಂದು ಮಾತು ಬರುತ್ತದೆ. ಮೃದುಶಕ್ತಿ ಅನ್ನಿ. ಜೋಸೆಫ್ ನೈ ಎಂಬ ಅಮೆರಿಕದ ಪ್ರಾಧ್ಯಾಪಕರು 1990ರಲ್ಲಿ ಬಂದ ತಮ್ಮ 'ಬೌಂಡ್ ಟು ಲೀಡ್' ಪುಸ್ತಕದಲ್ಲಿ ಇದನ್ನು ಚಲಾವಣೆಗೆ ತಂದರು. ಹೆದರಿಸದೆ, ದುಡ್ಡು ಕೊಟ್ಟು ಕೊಳ್ಳದೆ, ನಮಗೆ ಬೇಕಾದದ್ದನ್ನು ಇನ್ನೊಬ್ಬರೂ ತಾವಾಗಿಯೇ ಬಯಸುವ ಹಾಗೆ ಮಾಡುವ ಶಕ್ತಿ ಅದು. ಹಾಲಿವುಡ್ಡು, ಕೊರಿಯಾದ ಸೀರಿಯಲ್ಲು, ನಮ್ಮ ಯೋಗ ದಿನ, ಎಲ್ಲವನ್ನೂ ಈಗ ಈ ಒಂದೇ ಬುಟ್ಟಿಗೆ ಹಾಕುತ್ತಾರೆ. ದೇಶಗಳು ಇದಕ್ಕೆಂದೇ ಇಲಾಖೆ ತೆರೆದು, ಬಜೆಟ್ ಇಟ್ಟು ಕೂತಿವೆ. ಫ್ರಾನ್ಸಿಗೆ 1883ರಿಂದ ಅಲಿಯಾನ್ಸ್ ಫ್ರಾನ್ಸೇಸ್, ಬ್ರಿಟನ್ನಿಗೆ 1934ರಿಂದ ಬ್ರಿಟಿಷ್ ಕೌನ್ಸಿಲ್, ಜರ್ಮನಿಗೆ 1951ರಿಂದ ಗೋಯೆಥೆ ಇನ್‌ಸ್ಟಿಟ್ಯೂಟ್. ನಮ್ಮದು ಐಸಿಸಿಆರ್, 1950ರದ್ದು.

ಈ ಎಲ್ಲ ಸಂಸ್ಥೆಗಳ ಮೂಲ ಲೆಕ್ಕಾಚಾರ ಸರಳ: ನಮ್ಮ ಭಾಷೆ ಕಲೀರಿ, ನಮ್ಮನ್ನು ಇಷ್ಟಪಡ್ತೀರಿ. ಮಂಗಳೂರಿನಲ್ಲಿ ನಡೆದದ್ದು ಇದರ ತದ್ವಿರುದ್ಧ. ಬಂದವರು ನಮ್ಮ ಭಾಷೆ ಕಲಿತರು. ಇನ್ನೂ ವಿಚಿತ್ರ ಅಂದರೆ, ಅವರು ಬಂದಾಗ ಅವರ ಹಿಂದೆ ಒಂದು ದೇಶವೇ ಇರಲಿಲ್ಲ.

1834ರ ಅಕ್ಟೋಬರ್ 30ರಂದು ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಕಳಿಸಿದ್ದು ಬಾಸೆಲ್ ಮಿಷನ್, 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಶುರುವಾದ ಪ್ರೊಟೆಸ್ಟೆಂಟ್ ಸಂಸ್ಥೆ. ಸಂಸ್ಥೆ ಸ್ವಿಸ್ಸು, ಆದರೆ ಅದರಲ್ಲಿ ತರಬೇತಾಗಿ ಹೊರಟವರಲ್ಲಿ ಬಹುಪಾಲು ವುರ್ಟೆಂಬರ್ಗ್ ಮತ್ತಿತರ ಜರ್ಮನ್ ಸಂಸ್ಥಾನಗಳ ರೈತರ, ಕುಶಲಕರ್ಮಿಗಳ ಮಕ್ಕಳು. ಜರ್ಮನಿ ಅನ್ನೋ ದೇಶ ಒಂದಾಗಿದ್ದು 1871ರಲ್ಲಿ. ಅಂದರೆ ಈ ಜನ ಬಂದು ಮೂವತ್ತೇಳು ವರ್ಷ ಆದ ಮೇಲೆ! ಅದಕ್ಕೂ ಮುಂಚೆ ಇಂಗ್ಲಿಷರಲ್ಲದ ಮಿಷನರಿಗಳಿಗೆ ಕಂಪನಿ ಸರಕಾರದ ಸೀಮೆಯಲ್ಲಿ ಬಾಗಿಲು ತೆರೆದದ್ದೇ 1833ರ ಚಾರ್ಟರ್ ಕಾಯ್ದೆ. ಬೇರೆಯವರ ಸಾಮ್ರಾಜ್ಯದಲ್ಲಿ, ಬೇರೆಯವರ ಪರವಾನಗಿ ಮೇಲೆ ಬಂದ ಬಾಡಿಗೆದಾರರು ಇವರು.

ಆಗಿನ ಮಂಗಳೂರು ಹೇಗಿತ್ತು ಅಂತಲೂ ನೆನಪಿರಲಿ. ಅದೇ 1834ರಲ್ಲಿ ಕಂಪನಿ ಕೊಡಗನ್ನು ನುಂಗಿತ್ತು. ಮೂರೇ ವರ್ಷಕ್ಕೆ, 1837ರ ಏಪ್ರಿಲಿನಲ್ಲಿ, ಸುಳ್ಯ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೇ ನುಗ್ಗಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿ, ಹದಿಮೂರು ದಿನ ಊರನ್ನು ಕೈಯಲ್ಲಿ ಇಟ್ಟುಕೊಂಡಿತ್ತು. ಬಿಳಿ ಚರ್ಮದವರನ್ನು ಕಂಡು ಊರು ಆರತಿ ಎತ್ತುವ ಕಾಲವೇನೂ ಅದಲ್ಲ. ಅದಕ್ಕೂ ಹಿಂದೆ ಪೋರ್ಚುಗೀಸರು ಬಂದು ಫಿರಂಗಿ ತೋರಿಸಿ ಕಪ್ಪ ಕೇಳಿದ್ದರ ನೆನಪು ಉಳ್ಳಾಲದ ಅಬ್ಬಕ್ಕನ ಕಥೆಯಾಗಿ ಇವತ್ತಿಗೂ ಇದೆ. (ಪೋರ್ಚುಗೀಸರ ಫಿರಂಗಿ ಹೋಯಿತು, ಅವರು ತಂದ ಗೇರುಮರ, ಮೆಣಸಿನಕಾಯಿ, ಮೇಜು, ಜನೇಲ ಉಳಿದುವು ಅನ್ನುವುದು ಬೇರೆ ಮಾತು.)

ಬಾಸೆಲಿನವರು ಬಂದದ್ದು ನಮ್ಮ ಸಾಹಿತ್ಯ ಉದ್ಧಾರ ಮಾಡಲಿಕ್ಕಲ್ಲ. ಇದನ್ನು ಮೊದಲೇ ನೇರವಾಗಿ ಹೇಳಿಬಿಡುವುದು ಒಳ್ಳೆಯದು, ಯಾಕಂದ್ರೆ ಇವತ್ತು ಮಂಗಳೂರಿನಲ್ಲಿ ಈ ವಿಷಯ ಎತ್ತಿದರೆ ಎರಡೇ ಪಕ್ಷ. ಒಂದು ಪಕ್ಷಕ್ಕೆ ಅವರು ಕನ್ನಡದ ಕಲ್ಪವೃಕ್ಷ, ಇನ್ನೊಂದಕ್ಕೆ ಬರೀ ಮತಾಂತರದ ಏಜೆಂಟರು. ದಾಖಲೆ ನೋಡಿದರೆ ಎರಡೂ ಪಕ್ಷಕ್ಕೆ ಕಸಿವಿಸಿ ಆಗುತ್ತದೆ. ಅವರು ಬಂದದ್ದು ಮತಾಂತರಕ್ಕೇ. ನಮ್ಮ ದೇವರುಗಳ ಬಗ್ಗೆ, ಅದರಲ್ಲೂ ತುಳುನಾಡಿನ ಭೂತಾರಾಧನೆಯ ಬಗ್ಗೆ ಅವರು ಬರೆದದ್ದರಲ್ಲಿ ಗೌರವ ಹುಡುಕಬೇಕು. ಅದನ್ನೆಲ್ಲ ಸೈತಾನನ ಪೂಜೆ ಅಂತಲೇ ನಂಬಿದ್ದರು. 1844ರಲ್ಲಿ ಮೂವರು ಸಾರಸ್ವತ ಬ್ರಾಹ್ಮಣ ಹುಡುಗರು ಕ್ರೈಸ್ತರಾದಾಗ ಊರಿಗೆ ಊರೇ ಸಿಟ್ಟಿಗೆದ್ದಿತು. ಆ ಮೂವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಅವರು ಬಾಸೆಲಿಗೇ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ವಾಪಸು ಬಂದರು. ಒಂದು ಮನೆಯಿಂದ ಮಗ ಹೀಗೆ ಹೊರಗೆ ಹೋಗುವುದು ಅಂದರೆ ಆ ಕಾಲದಲ್ಲಿ ಏನು ಅಂತ ಊಹಿಸಿಕೊಳ್ಳಿ. ಅವನು ಬದುಕಿದ್ದರೂ ಮನೆಯವರ ಪಾಲಿಗೆ ಸತ್ತ ಹಾಗೆ. ಈ ನೋವನ್ನು ಬದಿಗಿಟ್ಟು 'ಸಾಂಸ್ಕೃತಿಕ ವಿನಿಮಯ' ಅಂತ ಚಂದದ ಹೆಸರು ಕೊಟ್ಟರೆ ಅದು ಇತಿಹಾಸ ಆಗುವುದಿಲ್ಲ.

ಹಾಗಾದರೆ ಪ್ರತಿಮೆ ಹೇಗೆ ಬಂತು?

ಉತ್ತರ ಬಹುಶಃ ಹರ್ಮನ್ ಮೋಗ್ಲಿಂಗ್ ಎಂಬ ಮನುಷ್ಯನಿಂದ ಶುರುವಾಗುತ್ತದೆ. 1836ರಲ್ಲಿ ಮಂಗಳೂರಿಗೆ ಬಂದ ಇವರಿಗೆ ಒಂದು ವಿಷಯ ಬೇಗ ಹೊಳೆಯಿತು. ಜನರ ಜೊತೆ ಮಾತಾಡಬೇಕಾದರೆ ಜನ ಏನನ್ನು ಓದುತ್ತಾರೆ, ಏನನ್ನು ಹಾಡುತ್ತಾರೆ ಅಂತ ಗೊತ್ತಿರಬೇಕು. ಇಲಾಖೆಯ ಅನುವಾದದ ಭಾಷೆಯಲ್ಲಿ ಯಾರ ಮನಸ್ಸೂ ಕರಗುವುದಿಲ್ಲ. 1840ರ ಸುಮಾರಿಗೆ ಮಿಷನ್ನಿಗೆ ಬಲ್ಮಠದಲ್ಲಿ ನೆಲೆ ಸಿಕ್ಕಿತು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ. ಊರ ಸುದ್ದಿ, ಸರಕಾರದ ಆಜ್ಞೆ, ಬೇರೆ ರಾಜ್ಯಗಳ ವರ್ತಮಾನ, ಕಥೆ, ಗಾದೆ. ಈಗಿನ ನ್ಯೂಸ್‌ಲೆಟರ್ ಬರೆಯುವವರು ನೋಡಿದರೆ ಗುರುತು ಹಿಡಿದಾರು. ಮುಂದಿನ ವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು, ಬಹಳ ದಿನ ಬಾಳಲಿಲ್ಲ. ಆದರೂ ಕರ್ನಾಟಕದ ಪತ್ರಕರ್ತರು ಪತ್ರಿಕಾ ದಿನ ಆಚರಿಸುವುದು ಇವತ್ತಿಗೂ ಜುಲೈ 1ರಂದೇ.

ಮೋಗ್ಲಿಂಗರ ದೊಡ್ಡ ಕೆಲಸ ಪತ್ರಿಕೆ ಅಲ್ಲ, 'ಬಿಬ್ಲಿಯೋಥೆಕಾ ಕರ್ನಾಟಿಕಾ'. 1848ರಿಂದ ಕೆಲವು ವರ್ಷಗಳಲ್ಲಿ, ನೀಲಗಿರಿಯಲ್ಲಿದ್ದ ಕಸಾಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯ ಹಣದಿಂದ, ತಾಳೆಗರಿಯಲ್ಲಿದ್ದ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ಬಸವ ಪುರಾಣ, ಜೈಮಿನಿ ಭಾರತ, ಕನಕದಾಸರ ಹರಿಭಕ್ತಿಸಾರ, ದಾಸರ ಪದಗಳು. ಒಮ್ಮೆ ಯೋಚಿಸಿ ನೋಡಿ. ವಿಠ್ಠಲನನ್ನು ಬಿಟ್ಟು ಏಸುವನ್ನು ಹಿಡಿಯಿರಿ ಅಂತ ಹೇಳಲು ಬಂದವರು ಪುರಂದರ ವಿಠ್ಠಲ ಅಂಕಿತದ ಪದಗಳನ್ನು ಸಂಗ್ರಹಿಸಿ, ಓರಣ ಮಾಡಿ, ಮೊದಲ ಸಲ ಅಚ್ಚು ಹಾಕಿಸಿ ಹಂಚಿದರು. ಎದುರಾಳಿಯ ಸರಕನ್ನು ಇಷ್ಟು ಚೆನ್ನಾಗಿ ಪ್ಯಾಕ್ ಮಾಡಿಕೊಟ್ಟ ಇನ್ನೊಬ್ಬ ಮಾರ್ಕೆಟಿಂಗ್ ಮನುಷ್ಯ ನನಗೆ ಗೊತ್ತಿಲ್ಲ. ಇದಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಕಿಟ್ಟೆಲ್ ಬಂದದ್ದು 1853ರಲ್ಲಿ. ಅವರ ಕಥೆ ಇನ್ನೂ ತಿರುವಿನದ್ದು. ಮೇಲಿನವರಿಗೆ ಅವರ ಮೇಲೆ ಅಂಥಾ ಪ್ರೀತಿಯೇನೂ ಇರಲಿಲ್ಲ. ಪಂಡಿತರ ಜೊತೆ ಕೂತು ಛಂದಸ್ಸು, ವ್ಯಾಕರಣ ಅಂತ ಹೊತ್ತು ಕಳೆಯುವ ಪಾದ್ರಿ ಯಾವ ಮಿಷನ್ನಿಗೆ ಬೇಕು? ಅವರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆ ಇದೆ, ಆದರೆ ಅದು ಇರುವುದು ಕನ್ನಡದ ಪದ್ಯದ ಧಾಟಿಯಲ್ಲಿ. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಆಮೇಲೆ ನಿಘಂಟು. ಸುಮಾರು 70,000 ಪದ. ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ, ಅದು ಯಾವ ಕಾವ್ಯದಲ್ಲಿ ಬಂದಿದೆ, ತಮಿಳು ತೆಲುಗು ತುಳು ಮಲಯಾಳದಲ್ಲಿ ಅದರ ದಾಯಾದಿ ಯಾರು, ಯಾವ ಗಾದೆಯಲ್ಲಿ ಸಿಗುತ್ತದೆ, ಎಲ್ಲಾ ಇದೆ. ಮಡಿಕೇರಿ, ಧಾರವಾಡ, ಹುಬ್ಬಳ್ಳಿ, ಮಂಗಳೂರು ಅಂತ ಓಡಾಡಿ ಕೂಡಿಸಿದ್ದು. ಊರಿನ ಪಂಡಿತರು ಹೆಗಲು ಕೊಟ್ಟರು, ಅವರ ಹೆಸರು ಎಷ್ಟು ಜನರಿಗೆ ಗೊತ್ತಿದೆ ಅನ್ನುವುದು ಬೇರೆ ಲೆಕ್ಕ. ಆರೋಗ್ಯ ಕೆಟ್ಟು, ಕಣ್ಣು ಸೋತು, 1892ರಲ್ಲಿ ಊರಿಗೆ ಮರಳಿದ ಮೇಲೂ ಅದರ ಕೆಲಸ ಬಿಡಲಿಲ್ಲ. 1896ರಲ್ಲಿ ಅದೇ ಟ್ಯೂಬಿಂಗನ್ನಿನಿಂದ ಡಾಕ್ಟರೇಟ್, 1903ರಲ್ಲಿ ಕನ್ನಡ ವ್ಯಾಕರಣದ ಪುಸ್ತಕ, ಅದೇ ವರ್ಷ ಮರಣ.

ನಿಘಂಟು ಮತಾಂತರಕ್ಕೆ ಎಷ್ಟು ಉಪಯೋಗಕ್ಕೆ ಬಂತು? ನನಗನ್ನಿಸುವ ಮಟ್ಟಿಗೆ, ಏನೇನೂ ಇಲ್ಲ. ಅದರಿಂದ ಉಪಕಾರ ಆದದ್ದು ಕನ್ನಡದ ನವೋದಯದವರಿಗೆ, ಸಂಶೋಧಕರಿಗೆ, ಹಳಗನ್ನಡ ಓದುವ ಮೇಷ್ಟ್ರುಗಳಿಗೆ. ಪ್ರತಿಮೆ ಬಂದದ್ದೂ ಅದರಿಂದಲೇ. ಕಿಟ್ಟೆಲ್ ಮಿಷನ್ನಿನ ಕೆಲಸದಲ್ಲಿ ಎಲ್ಲಿ ದಾರಿ ತಪ್ಪಿದರೋ ಅಲ್ಲಿಯೇ ಕನ್ನಡಿಗರು ಅವರನ್ನು ಹಿಡಿದುಕೊಂಡರು.

ಇದು ಕನ್ನಡದ ಮೇಲಿನ ವಿಶೇಷ ಮೋಹ ಅಂತ ನಾವು ತೀರಾ ಉಬ್ಬಬೇಕಾಗಿಲ್ಲ. ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದರು, ಅದೂ ಅಚ್ಚಾದದ್ದು 1872ರಲ್ಲಿ ಮಂಗಳೂರಿನಲ್ಲೇ. ಮ್ಯಾನರ್ ತುಳು ನಿಘಂಟು ಮಾಡಿದರು, 1886ರಲ್ಲಿ. ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಕ್ರಿಸ್ಟಾಲರ್ ಎಂಬವರು ಅಲ್ಲಿನ ಟ್ವಿ ಭಾಷೆಗೆ 1881ರಲ್ಲಿ ನಿಘಂಟು ಮಾಡಿದರು. ಅದೊಂದು ಪದ್ಧತಿ, ಆ ಪದ್ಧತಿಗೆ ಬೆಲೆಯೂ ಇತ್ತು. ತುಳುವನ್ನೇ ನೋಡಿ. ಬಲ್ಮಠದಲ್ಲಿ ಇದ್ದದ್ದು ಕನ್ನಡದ ಅಚ್ಚು, ಹಾಗಾಗಿ ತುಳು ಪುಸ್ತಕಗಳೂ ಕನ್ನಡ ಲಿಪಿಯಲ್ಲೇ ಬಂದವು. ತುಳುವಿಗೆ ತನ್ನದೇ ಲಿಪಿ ಬೇಕು ಅಂತ ಇವತ್ತು ಕೇಳುವವರ ಎದುರು ಇರುವ ಗುಡ್ಡಗಳಲ್ಲಿ ಒಂದು, ಆ ಮುದ್ರಣಾಲಯದ ಅಚ್ಚಿನ ಮೊಳೆ.

ಇನ್ನು ಹಂಚಿಗೆ ಬರೋಣ. ಪುಸ್ತಕ ಓದುವವರು ಆಗ ಎಷ್ಟು ಜನ? ಹಂಚು ಎಲ್ಲರ ತಲೆ ಮೇಲೆ ಬಂತು.

ಮಿಷನ್ ಕಾರ್ಖಾನೆ ತೆರೆದದ್ದು ಲಾಭದ ಆಸೆಯಿಂದಲ್ಲ, ಮೊದಮೊದಲು ತಾನೇ ತಂದುಕೊಂಡ ಕಷ್ಟದಿಂದ. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಬಿಲ್ಲವರಲ್ಲಿ ಎಷ್ಟೋ ಮನೆಗಳ ಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಕ್ರೈಸ್ತರಾದ ಮೇಲೆ ಕಳ್ಳಿನ ಸಹವಾಸ ಕೂಡದು ಅಂತ ಮಿಷನ್ನಿನ ಕಟ್ಟಪ್ಪಣೆ. ಇತ್ತ ಗುತ್ತಿನ ಒಡೆಯ ಗೇಣಿಯ ಗದ್ದೆ ಬಿಡಿಸಿದ, ಅತ್ತ ಪಾದ್ರಿ ಮರ ಹತ್ತಬೇಡ ಅಂದರು. ಹೊಟ್ಟೆಗೆ? ಹಾಗಾಗಿ ಕೈಮಗ್ಗ, ಪುಸ್ತಕಕ್ಕೆ ರಟ್ಟು ಕಟ್ಟುವುದು, ಗಡಿಯಾರ ರಿಪೇರಿ ಅಂತ ಒಂದೊಂದೇ ಪ್ರಯತ್ನ ನಡೆಯಿತು. ಕೆಲವು ಮಕಾಡೆ ಮಲಗಿದವು. 1851ರಲ್ಲಿ ಹ್ಯಾಲರ್ ಎಂಬ ನೇಕಾರ ಬಂದ ಮೇಲೆ ಮಗ್ಗ ನಿಂತಿತು. ಖಾಕಿ ಬಣ್ಣ ಕಂಡುಹಿಡಿದದ್ದು ಇವರೇ, ಬಲ್ಮಠದಲ್ಲಿ, ಅಂತ ಮಂಗಳೂರಿನವರು ಎದೆ ತಟ್ಟಿ ಹೇಳುತ್ತೇವೆ. ಪೇಶಾವರ ಕಡೆಯ ಗೈಡ್ಸ್ ಪಡೆ ಅದಕ್ಕೂ ನಾಲ್ಕೈದು ವರ್ಷ ಮುಂಚೆಯೇ ಮಣ್ಣುಬಣ್ಣದ ಬಟ್ಟೆ ಹಾಕಿ ಓಡಾಡುತ್ತಿತ್ತು ಮಾರಾಯ್ರೆ, ಹಾಗಾಗಿ ಸ್ವಲ್ಪ ತಗ್ಗಿ ಮಾತಾಡುವುದು ಒಳ್ಳೆಯದು. ಸೇನೆಗೆ, ಪೊಲೀಸರಿಗೆ ಹೊಂದುವ ಗಟ್ಟಿ ಖಾಕಿ ಬಟ್ಟೆ ಇಲ್ಲಿ ನೇಯ್ದರು ಅನ್ನುವುದಂತೂ ಹೌದು.

ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ. ಮಾಡಿದವರು ಜಾರ್ಜ್ ಪ್ಲೆಬ್ಸ್ಟ್, ಮೂಲತಃ ಮುದ್ರಣಾಲಯದ ಕೆಲಸಕ್ಕೆ ಬಂದ ಯಂತ್ರ ಗೊತ್ತಿದ್ದ ಮನುಷ್ಯ. ಆಗ ನಮ್ಮ ಬಡವರ ಮನೆಗೆ ಮುಳಿಹುಲ್ಲು, ಮಡಲು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊದಿಸಬೇಕು. ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಬೂದಿ. ಉಳ್ಳವರ ಮನೆಗೆ ಕುಂಬಾರರು ಮಾಡಿದ ನಾಡಹಂಚು, ಅದು ಭಾರ, ಮಂಗ ಓಡಾಡಿದರೆ ಜಾರುತ್ತದೆ. ಪ್ಲೆಬ್ಸ್ಟ್ ತಂದ ಹಂಚಿನ ಉಪಾಯ ಫ್ರಾನ್ಸಿನ ಆಲ್ಸಾಸ್ ಸೀಮೆಯಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದ ಹಂಚಿನ ಕುಲದ್ದು. ಅಂಚಿನಲ್ಲಿ ತೋಡು, ಎದುರಿನದರಲ್ಲಿ ಏಣು, ಒಂದರೊಳಗೆ ಒಂದು ಕೂತು ಬೀಗ ಹಾಕಿದ ಹಾಗೆ. ಹಿಂದೆ ಒಂದು ಮೂಗು, ಅದು ರೀಪಿಗೆ ಕಚ್ಚಿಕೊಳ್ಳುತ್ತದೆ. ಗಾರೆ ಬೇಡ, ಮೊಳೆ ಬೇಡ. ಒಡೆದರೆ ಒಂದನ್ನೇ ತೆಗೆದು ಇನ್ನೊಂದು ಇಟ್ಟರೆ ಮುಗಿಯಿತು. ಕಡಿಮೆ ಹಂಚು ಸಾಕಾದ್ದರಿಂದ ಮಾಡು ಹಗುರ, ಪಕ್ಕಾಸು ತೆಳ್ಳಗಿದ್ದರೂ ನಡೆಯುತ್ತದೆ. ನಮ್ಮ ಜೂನ್ ತಿಂಗಳ ಮಳೆಗೆ ಇದಕ್ಕಿಂತ ಒಳ್ಳೆಯ ಉತ್ತರ ಆ ಕಾಲದಲ್ಲಿ ಇರಲಿಲ್ಲ.

ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ಬದಿಯದ್ದು. ಸೌದೆ ಘಟ್ಟದ ಕಡೆಯದ್ದು, ಹೊಳೆಯಲ್ಲೇ ಬರುತ್ತಿತ್ತು. ಸುಟ್ಟ ಹಂಚು ಅದೇ ಹೊಳೆಯಲ್ಲಿ ಬಂದರಿಗೆ, ಅಲ್ಲಿಂದ ಹಡಗಿಗೆ. ಮದ್ರಾಸು, ಬೊಂಬಾಯಿ ಆಯಿತು, ಸಿಲೋನು, ಬರ್ಮಾ, ಏಡನ್ನು, ಪೂರ್ವ ಆಫ್ರಿಕಾ ಆಯಿತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಅಂತ ಮಿಷನ್ನಿನ ಕಾರ್ಖಾನೆಗಳೂ ಹಬ್ಬಿದವು. ಲೇವಾದೇವಿ ನೋಡಿಕೊಳ್ಳಲು 1859ರಲ್ಲೇ ಬಾಸೆಲಿನಲ್ಲಿ ಬೇರೆ ವ್ಯಾಪಾರಿ ಕಂಪನಿ ಹುಟ್ಟಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕೆಲವೇ ವರ್ಷಗಳಲ್ಲಿ ಊರಿನವರೇ ಹಂಚಿನ ಕಾರ್ಖಾನೆ ಹಾಕಿದರು. ಕೊಂಕಣಿ ಕ್ರೈಸ್ತರು, ಹಿಂದೂಗಳು, ಗುಜರಾತಿ ವ್ಯಾಪಾರಿಗಳು, ಒಬ್ಬರ ಹಿಂದೆ ಒಬ್ಬರು. ಬಾಸೆಲಿನವರು ಗುಟ್ಟು ಬಚ್ಚಿಡಲಿಲ್ಲವೋ ಇಡಲಾಗಲಿಲ್ಲವೋ, ಅಂತೂ 'ಬಾಸೆಲ್ ಹಂಚು' ಅಂತ ಆಗಬೇಕಿದ್ದದ್ದು ಲೋಕಕ್ಕೆಲ್ಲ 'ಮಂಗಳೂರು ಹಂಚು' ಅಂತ ಆಯಿತು. ಬ್ರ್ಯಾಂಡ್ ಮ್ಯಾನೇಜರುಗಳ ಭಾಷೆಯಲ್ಲಿ ಇದು ಸೋಲು. ಆದರೆ ನೈ ಸಾಹೇಬರ ಭಾಷೆಯಲ್ಲಿ ಏನು? ನಿಮ್ಮ ವಸ್ತುವನ್ನು ಇನ್ನೊಬ್ಬರು ತಮ್ಮದು ಅಂತ ಕರೆಯತೊಡಗಿದರೆ, ಅದು ನಿಮ್ಮ ಶಕ್ತಿಯೋ ಅವರದ್ದೋ?

ಪರೀಕ್ಷೆ ಬಂದದ್ದು 1914ರಲ್ಲಿ. ಆ ವರ್ಷದ ಸೆಪ್ಟೆಂಬರ್ 22ರ ರಾತ್ರಿ ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಜರ್ಮನಿಯ ಕಠಿಣ ಶಕ್ತಿ ಈ ಕಡೆಗೆ ಬಂದದ್ದು ಅಂದರೆ ಅದೊಂದೇ. ತಮಿಳಿನಲ್ಲಿ ಇವತ್ತಿಗೂ ಭಾರೀ ಚಾಲಾಕಿ ಮನುಷ್ಯನನ್ನು ಎಮ್ಡನ್ ಅನ್ನುತ್ತಾರಂತೆ. ನೌಕೆಗೆ ಆ ಹೆಸರು ಬಂದದ್ದು ಎಮ್ಸ್ ನದಿಯ ಬಾಯಲ್ಲಿರುವ ಎಮ್ಡನ್ ಪಟ್ಟಣದಿಂದ. ಆ ಪಟ್ಟಣ ಇರುವುದು ಪೂರ್ವ ಫ್ರೀಸಿಯಾದಲ್ಲಿ, ನಮ್ಮ ಕಿಟ್ಟೆಲರ ಸೀಮೆಯಲ್ಲಿ! ಒಂದೇ ನೆಲದಿಂದ ದಕ್ಷಿಣ ಭಾರತಕ್ಕೆ ಇಪ್ಪತ್ತು ವರ್ಷದ ಅಂತರದಲ್ಲಿ ಎರಡು ಪದಾರ್ಥ ಬಂದವು, ಒಂದು ನಿಘಂಟು, ಇನ್ನೊಂದು ಫಿರಂಗಿ.

ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರದ ಕಣ್ಣಿಗೆ ಬಲ್ಮಠದ ಪಾದ್ರಿಗಳು ಶತ್ರು ದೇಶದ ಪ್ರಜೆಗಳು. ಎಂಬತ್ತು ವರ್ಷದ ಸೇವೆ, ನಿಘಂಟು, ಶಾಲೆ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನಾವು ಸ್ವಿಸ್ ಸಂಸ್ಥೆ ಅಂದರೂ ಕೇಳಲಿಲ್ಲ. ಜರ್ಮನ್ನರನ್ನು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ಹಾಕಿದರು. 1915-16ರಲ್ಲಿ 'ಗೋಲ್ಕೊಂಡಾ' ಹಡಗಿನಲ್ಲಿ ತುಂಬಿ ಯುರೋಪಿಗೆ ಸಾಗಿಸಿದರು. ಕಾರ್ಖಾನೆಗಳು ಶತ್ರುವಿನ ಆಸ್ತಿ ಅಂತ ಸರಕಾರದ ವಶವಾಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಲಂಡನ್ನಿನ ಹೊಸ ಕಂಪನಿಯ ಕೈಗೆ ಹೋದವು. ಘಾನಾದಲ್ಲೂ ಹೀಗೇ. ಜೆಪ್ಪುವಿನ ಕಾರ್ಖಾನೆಗೆ ಕಾಮನ್‌ವೆಲ್ತ್ ಅನ್ನುವ ಹೆಸರು ಅಂಟಿದ್ದು ಹೀಗೆ. ಮಂಗಳೂರಿನ ಹಳಬರು ಆ ಹೆಸರನ್ನು ಬ್ರಿಟಿಷರು ಕೊಟ್ಟ ಬಿರುದು ಅಂದುಕೊಳ್ಳುವುದುಂಟು. ಅದು ಜಪ್ತಿಯ ಗುರುತು.

ಅಂದರೆ ಮೃದುಶಕ್ತಿಯಿಂದ ಜರ್ಮನಿಗೆ ಯುದ್ಧಕಾಲದಲ್ಲಿ ಒಂದು ಕಾಸಿನ ಉಪಯೋಗವೂ ಆಗಲಿಲ್ಲ. ಊರಿನವರಿಗೆ ಪಾದ್ರಿಗಳ ಮೇಲೆ ಮರುಕ ಇದ್ದರೂ ಆ ಮರುಕಕ್ಕೆ ಮತದಾನದ ಹಕ್ಕು ಇರಲಿಲ್ಲ, ರಾಜ್ಯ ಬೇರೆಯವರದ್ದು. ಮೃದುಶಕ್ತಿಯ ಬಗ್ಗೆ ಬರೆಯುವವರು ಈ ತೊಡಕನ್ನು ಬೇಗ ದಾಟಿಬಿಡುತ್ತಾರೆ ಅಂತ ನನಗನ್ನಿಸುತ್ತದೆ. ನಿಮ್ಮನ್ನು ಇಷ್ಟಪಡುವ ಜನ ಬೇರೆ, ತೀರ್ಮಾನ ತೆಗೆದುಕೊಳ್ಳುವ ಜನ ಬೇರೆ. ಎರಡೂ ಒಂದಾಗುವುದು ಆ ಜನರಿಗೆ ಸ್ವಾತಂತ್ರ್ಯ ಬಂದ ಮೇಲೆ. ಅಷ್ಟೊತ್ತಿಗೆ ಬೀಜ ಹಾಕಿದವರು ಇರುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಈ ವ್ಯಾಪಾರದಲ್ಲಿ ಗೆದ್ದವರು ನಾವು. 1869ರಲ್ಲಿ ಯೋಹಾನೆಸ್ ಹೆಸ್ಸೆ ಎಂಬ ಎಸ್ತೋನಿಯಾ ಮೂಲದ ತರುಣ ಮಿಷನರಿ ಮಂಗಳೂರಿಗೆ ಬಂದು, ನಾಲ್ಕು ವರ್ಷ ಇದ್ದು, ಇಲ್ಲಿಯ ಹವೆ ಒಗ್ಗದೆ ಮರಳಿದ. ಊರಲ್ಲಿ ಗುಂಡರ್ಟರ ಪುಸ್ತಕದ ಕೆಲಸಕ್ಕೆ ನೆರವಾಗಿ ನಿಂತು, ಅವರ ಮಗಳು ಮೇರಿಯನ್ನು ಮದುವೆಯಾದ. ಮೇರಿ ಹುಟ್ಟಿದ್ದೇ ಮಲಬಾರಿನ ತಲಶ್ಶೇರಿಯಲ್ಲಿ. 1877ರಲ್ಲಿ ಹುಟ್ಟಿದ ಅವರ ಮಗನಿಗೆ ತಾತನ ಹೆಸರೇ ಇಟ್ಟರು, ಹರ್ಮನ್. ಮಲಯಾಳಂ ಮಾತಾಡುವ ತಾತ, ಭಾರತದ ಮೂರ್ತಿ ಪುಸ್ತಕಗಳು ತುಂಬಿದ ಮನೆ. ಆ ಹುಡುಗ ಹರ್ಮನ್ ಹೆಸ್ಸೆ ಆಗಿ 1922ರಲ್ಲಿ 'ಸಿದ್ಧಾರ್ಥ' ಬರೆದ, 1946ರಲ್ಲಿ ನೊಬೆಲ್ ಪಡೆದ. 'ಸಿದ್ಧಾರ್ಥ' 1951ರಲ್ಲಿ ಇಂಗ್ಲಿಷಿಗೆ ಬಂತು, ಅರವತ್ತರ ದಶಕದಲ್ಲಿ ಅಮೆರಿಕದ ಹುಡುಗ ಹುಡುಗಿಯರ ಜೋಳಿಗೆ ಸೇರಿತು. ಎಷ್ಟೋ ಜನ ಅದನ್ನು ಓದಿ ಭಾರತದ ದಾರಿ ಹಿಡಿದರು. ನಮ್ಮನ್ನು ಬದಲಾಯಿಸಲು ಹೋದವರ ಮೊಮ್ಮಗ ನಮ್ಮ ರಾಯಭಾರಿ ಆದ. ನಮ್ಮ ಸರಕಾರಕ್ಕೆ ಇದರಲ್ಲಿ ನಯಾಪೈಸೆ ಖರ್ಚಿಲ್ಲ, ಆಗ ನಮ್ಮದೇ ಅನ್ನುವ ಸರಕಾರವೂ ಇರಲಿಲ್ಲ. ಸ್ವತಃ ಹೆಸ್ಸೆ 1911ರಲ್ಲಿ ಪೂರ್ವಕ್ಕೆ ಹೊರಟರೂ ಸಿಲೋನು, ಸುಮಾತ್ರ ನೋಡಿಕೊಂಡು ವಾಪಸಾದ, ತಾಯಿ ಹುಟ್ಟಿದ ತೀರಕ್ಕೆ ಬರಲೇ ಇಲ್ಲ.

ಮಂಗಳೂರಿನವರು ಮಾತ್ರ ಬರೀ ನೋಡುತ್ತಾ ಕೂರಲಿಲ್ಲ. ಮಿಷನ್ ಶಾಲೆಗೆ ಮಕ್ಕಳನ್ನು ಕಳಿಸಿದರೆ ಇಂಗ್ಲಿಷು ಬರುತ್ತದೆ, ಜೊತೆಗೆ ಬೈಬಲೂ ಬರುತ್ತದೆ ಅನ್ನುವ ಅಳುಕು ಇದ್ದ ಕಾಲದಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲ್ ತೆರೆದರು, 1894ರಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶಾಲೆ, 1906ರಲ್ಲಿ ಬ್ಯಾಂಕು. ಅದೇ ಇವತ್ತಿನ ಕೆನರಾ ಬ್ಯಾಂಕ್. ಬೈದು ಕೂರುವುದಕ್ಕಿಂತ ಎದುರಾಳಿಯ ಒಳ್ಳೆ ಉಪಾಯವನ್ನು ಎತ್ತಿಕೊಂಡು ನಮ್ಮದನ್ನು ಕಟ್ಟುವುದು ಜಾಣತನ ಅಂತ ಕರಾವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕಾಲದ ಕಥೆಯಲ್ಲಿ ಇಟಲಿಯ ಜೆಸ್ವಿತರೂ ಇದ್ದಾರೆ. 1880ರ ಅಲೋಶಿಯಸ್ ಕಾಲೇಜು, ಅದರ ಚಾಪೆಲ್ಲಿನ ಗೋಡೆಗೆ ಮೊಸ್ಕೇನಿ ಎಂಬ ಬ್ರದರ್ ಬಳಿದ ಚಿತ್ರಗಳು, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ತೆರೆದ ಹೋಮಿಯೋಪತಿ ಔಷಧಾಲಯ. ಅದಕ್ಕೇ ಒಂದು ಲೇಖನ ಬೇಕು, ಇಲ್ಲಿ ಬಿಡುತ್ತೇನೆ.

ಆ ಜಾಣತನದ ಮುಂದಿನ ಅಧ್ಯಾಯ ಇಲ್ಲಿಂದ ಒಂದೂವರೆ ಗಂಟೆ ದಾರಿಯ ಮಣಿಪಾಲದಲ್ಲಿದೆ. ಟಿ.ಎಂ.ಎ. ಪೈಯವರು 1953ರಲ್ಲಿ ಮೆಡಿಕಲ್ ಕಾಲೇಜು ತೆರೆದರು. 1997ರಲ್ಲಿ ಮೆಲಾಕ ಮಣಿಪಾಲ ಕಾಲೇಜು ಆರಂಭವಾಗಿ ಮಲೇಷ್ಯಾದ ಹುಡುಗರು ಕೋರ್ಸಿನ ಮೊದಲರ್ಧ ಮಣಿಪಾಲದಲ್ಲಿ, ಉಳಿದರ್ಧ ಅವರ ದೇಶದಲ್ಲಿ ಓದುವ ಏರ್ಪಾಟಾಯಿತು. ಇವತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಮಣಿಪಾಲ, ಮಂಗಳೂರು ಅಂದರೆ ಕಣ್ಣರಳಿಸಿ, ಗೋಳಿಬಜೆ ನೆನಪಿಸಿಕೊಳ್ಳುವ ಡಾಕ್ಟರು ಸಿಗುವುದು ಅಪರೂಪವಲ್ಲ. ದಿಲ್ಲಿಯ ಯಾವ ಕಡತದಲ್ಲೂ ಇದು ವಿದೇಶಾಂಗ ನೀತಿ ಅಂತ ಶುರುವಾದದ್ದಲ್ಲ. ಫೀಸು ತೆಗೆದುಕೊಂಡು ಪಾಠ ಹೇಳಿದ್ದು ಅಷ್ಟೆ.

ಜರ್ಮನಿಯ ಅಧಿಕೃತ ಮೃದುಶಕ್ತಿಯ ಕಥೆಯೂ ತಮಾಷೆಯದ್ದು. ಭಾರತದಲ್ಲಿ ಗೋಯೆಥೆ ಸಂಸ್ಥೆಗೆ ಮ್ಯಾಕ್ಸ್ ಮುಲ್ಲರ್ ಭವನ ಅಂತ ಹೆಸರಿಟ್ಟರು. ಮ್ಯಾಕ್ಸ್ ಮುಲ್ಲರ್ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕೂತು ಋಗ್ವೇದ ಸಂಪಾದಿಸಿದ ಮಹಾ ವಿದ್ವಾಂಸ, ಒಪ್ಪೋಣ. ಭಾರತಕ್ಕೆ ಒಂದು ಸಲವೂ ಕಾಲಿಟ್ಟವರಲ್ಲ. ಬಿಸಿಲಲ್ಲಿ ಬೆವರು ಸುರಿಸಿ, ಕನ್ನಡದ ಒಂದೊಂದು ಗಾದೆಯನ್ನೂ ಕೇಳಿ ಬರೆದುಕೊಂಡ ಕಿಟ್ಟೆಲರ ಹೆಸರು ಅವರಿಗೆ ಹೊಳೆಯಲಿಲ್ಲ. ಈಗ ಬೆಂಗಳೂರಿನ ಅದೇ ಭವನದಲ್ಲಿ ಎಷ್ಟೋ ಕನ್ನಡದ ಎಂಜಿನಿಯರುಗಳು ಬಿ-ಒನ್ ಪರೀಕ್ಷೆಗೆ ಜರ್ಮನ್ ಗಟ್ಟಿ ಹೊಡೆಯುತ್ತಿರುತ್ತಾರೆ, ಮ್ಯೂನಿಕ್ಕಿನ ಕೆಲಸದ ಆಸೆಗೆ. ನಿಮ್ಮಲ್ಲೂ ಕೆಲವರು ಇರಬಹುದು. 1853ರಲ್ಲಿ ಧಾರವಾಡದ ಕಡೆ ನಡೆದು ಹೋಗುತ್ತಾ ಒತ್ತಕ್ಷರ ಗಟ್ಟಿ ಮಾಡುತ್ತಿದ್ದ ಇಪ್ಪತ್ತೊಂದರ ಹುಡುಗನನ್ನು ಒಮ್ಮೆ ನೆನೆಸಿಕೊಳ್ಳಿ, ವಿಭಕ್ತಿ ಪ್ರತ್ಯಯದ ಗೋಳು ಎರಡೂ ಕಡೆ ಒಂದೇ.

ಭೂತಕೋಲದ್ದೂ ಒಂದು ಮಾತು ಉಳಿಯಿತು. ಸೈತಾನನ ಪೂಜೆ ಅಂತ ಬರೆದೆನಲ್ಲ, ಆ ಮಿಷನರಿಗಳಲ್ಲೇ ಮ್ಯಾನರ್ ಪಾಡ್ದನಗಳನ್ನು ಕೂಡಿಸಿದರು. ಅವನ್ನು ಇಂಗ್ಲಿಷಿ‌ನಲ್ಲಿ ಬರ್ನೆಲ್ಲರ ಹೆಸರಿನ ಲೇಖನಮಾಲೆಯಾಗಿ 'ಇಂಡಿಯನ್ ಆಂಟಿಕ್ವೆರಿ' 1894ರಿಂದ ಪ್ರಕಟಿಸಿತು, ಶೀರ್ಷಿಕೆಯಲ್ಲೇ 'ತುಳುವರ ಪಿಶಾಚಪೂಜೆ' ಎಂಬ ಅರ್ಥದ ಮಾತಿಟ್ಟು. ಇವತ್ತು ಪಾಡ್ದನದ ಮೇಲೆ ಕೆಲಸ ಮಾಡುವ ಯಾರೂ ಅದನ್ನು ತೆರೆಯದೆ ಮುಂದೆ ಹೋಗುವ ಹಾಗಿಲ್ಲ. 2022ರಲ್ಲಿ 'ಕಾಂತಾರ' ಬಂದು ಪಂಜುರ್ಲಿಯನ್ನು ದೇಶವಿದೇಶದ ಪರದೆಗೆ ಒಯ್ದಾಗ ಅದೇ ಭೂತವನ್ನು ನೋಡಲು ಟಿಕೆಟಿಗೆ ಸಾಲು ನಿಂತದ್ದನ್ನು ಬಲ್ಮಠದ ಪಾದ್ರಿಗಳು ಕಂಡಿದ್ದರೆ ಏನನ್ನುತ್ತಿದ್ದರೋ.

ಬಲ್ಮಠದಲ್ಲಿ ಹಳೆಯ ಮಿಷನ್ನಿನ ಜಾಗದಲ್ಲೇ ಈಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿದೆ, ಅದರ ಪತ್ರಾಗಾರದಲ್ಲಿ ಆ ಕಾಲದ ಪುಸ್ತಕ, ಹಸ್ತಪ್ರತಿಗಳಿವೆ. ಜೆಪ್ಪುವಿನ ಕಡೆ ಹಂಚಿನ ಚಿಮಣಿಗಳು ಒಂದೊಂದಾಗಿ ಇಲ್ಲವಾಗುತ್ತಾ ಬಂದಿವೆ. ಮಣ್ಣು ತೆಗೆಯುವುದು ಕಷ್ಟ, ಸೌದೆ ದುಬಾರಿ, ಎಲ್ಲರಿಗೂ ಆರ್‌ಸಿಸಿ ಸ್ಲ್ಯಾಬೇ ಬೇಕು. ಹಳೆ ಮನೆ ಕೆಡವುವಾಗ ಇಳಿಸಿದ ಹಂಚು ಲಾರಿ ಹತ್ತಿ ಬೆಂಗಳೂರಿಗೆ ಬರುತ್ತದೆ. ಇಂದಿರಾನಗರದ ಯಾವುದಾದರೂ ಕೆಫೆಯಲ್ಲಿ ಅಲಂಕಾರಕ್ಕೆ ಹೊದಿಸಿದ ಹಂಚು ಕಂಡರೆ ತಲೆ ಎತ್ತಿ ಅದರ ಅಡಿಭಾಗ ನೋಡಿ. ಕೆಲವದರಲ್ಲಿ 'ಬಾಸೆಲ್ ಮಿಷನ್' ಅಂತ ಇಂಗ್ಲಿಷಿನಲ್ಲಿ ಉಬ್ಬಿದ ಅಕ್ಷರ ಇರುತ್ತದೆ, ಕೆಲವದರಲ್ಲಿ 'ಕಾಮನ್‌ವೆಲ್ತ್', ಇನ್ನು ಕೆಲವದರಲ್ಲಿ ನಮ್ಮ ಊರಿನ ಯಾವುದೋ ಕಾರ್ಖಾನೆಯ ಮುದ್ರೆ. ಎಲ್ಲದರ ಕೆಳಗೂ ಮಂಗಳೂರು ಅಂತ ಬರೆದಿರುತ್ತದೆ.